ಬಾಣಂತನದಲ್ಲಿ ಮನಸ್ಸಿಗೇನು ಆರೈಕೆ?

ಹೆರಿಗೆಯ ನಂತರದ ಖಿನ್ನತೆಯ ಮಾತೆತ್ತಿದರೆ ಸಾಕು, ಒಂದು ಉತ್ತರ ತಟ್ಟನೆ ಬರುತ್ತದೆ: "ಅದೆಲ್ಲ ಪೇಟೆಯವರ ಕಾಯಿಲೆ. ಮನೆ ತುಂಬ ಜನ ಇದ್ದ ಕಾಲದಲ್ಲಿ ಯಾವ ಬಾಣಂತಿ ಬೇಜಾರು ಅಂತ ಕೂತಿದ್ದಳು?" ಹೀಗೆ ಹೇಳುವವರಲ್ಲಿ ಹೆರದವರೇ ಹೆಚ್ಚು ಎಂಬುದು ಬೇರೆ ಮಾತು. ಹೆತ್ತ ಅಜ್ಜಿಯರೂ ಇದನ್ನೇ ಇನ್ನೊಂದು ದನಿಯಲ್ಲಿ ಹೇಳುತ್ತಾರೆ: "ನಾವೇನು ಹೆತ್ತಿಲ್ವಾ?" ಕೂಡುಕುಟುಂಬ ಒಡೆಯಿತು, ಹೆಣ್ಣುಮಕ್ಕಳು ಕೆಲಸಕ್ಕೆ ಹೊರಟರು, ಅದಕ್ಕೇ ಇದೆಲ್ಲ ಬಂತು ಎಂಬ ನಂಬಿಕೆ ಇಬ್ಬರದೂ ಹೌದು.

ನಂಬಿಕೆ ನಿಜವೇ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ 359 ಗರ್ಭಿಣಿಯರನ್ನು ಹೆರಿಗೆಗೆ ಮುಂಚೆಯೂ ಆಮೇಲೆಯೂ ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಗರ್ಭಿಣಿಯಾಗಿದ್ದಾಗ ಚೆನ್ನಾಗಿದ್ದವರಲ್ಲೇ ನೂರಕ್ಕೆ 11 ಮಂದಿಗೆ ಹೆತ್ತ ಮೇಲೆ ಹೊಸದಾಗಿ ಖಿನ್ನತೆ ಬಂದಿತ್ತು. ಕಾರಣಗಳನ್ನು ಹುಡುಕಿದಾಗ ಸಿಕ್ಕದ್ದು ಬಡತನ, ಗಂಡು ಬೇಕೆಂದಿದ್ದಾಗ ಹುಟ್ಟಿದ ಹೆಣ್ಣು, ಅತ್ತೆಯೊಂದಿಗೂ ಸ್ವಂತ ಅಪ್ಪ ಅಮ್ಮನೊಂದಿಗೂ ಸರಿಯಿಲ್ಲದ ಸಂಬಂಧ, ಕೈಗೆ ಆಸರೆಯಾಗುವವರಿಲ್ಲದಿರುವುದು. ಇವು ಯಾವುವೂ ಪೇಟೆಯ ಕಾರಣಗಳಲ್ಲ. ಅದೇ ವರ್ಷ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರ ಅಧ್ಯಯನ ಪ್ರಕಟಿಸಿದರು. ಹೆತ್ತ ಆರರಿಂದ ಎಂಟು ವಾರಗಳಲ್ಲಿ ಅವರಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿದ್ದರು. ಆರು ತಿಂಗಳು ಕಳೆದು ನೋಡಿದಾಗಲೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಣವಾಗಿರಲಿಲ್ಲ. ನನಗೆ ಇನ್ನೂ ಮುಖ್ಯವೆನಿಸಿದ ಸಂಗತಿ ಬೇರೆ: ಖಿನ್ನರಾದವರಲ್ಲಿ ನೂರಕ್ಕೆ 78 ಮಂದಿ ಗರ್ಭಿಣಿಯರಾಗಿದ್ದಾಗಲೇ ಮನಸ್ಸಿನ ಕಷ್ಟದಲ್ಲಿದ್ದರು. ಸೀಮಂತದ ಹಸಿರು ಸೀರೆ ಉಟ್ಟು ಫೋಟೊಗೆ ನಕ್ಕ ದಿನವೇ ಅದು ಒಳಗಿತ್ತು ಎಂದಾಯಿತು.

ಇಂಥ 38 ಭಾರತೀಯ ಅಧ್ಯಯನಗಳನ್ನು, ಅವುಗಳಲ್ಲಿದ್ದ 20,043 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ದೇಶದ ಸರಾಸರಿ ಶೇ. 22. ದಕ್ಷಿಣದ ರಾಜ್ಯಗಳಲ್ಲಿ ಶೇ. 26, ಉತ್ತರದಲ್ಲಿ ಶೇ. 15. ದಕ್ಷಿಣದ ಹೆಂಗಸರ ಮನಸ್ಸು ಮೆದು ಎಂದು ಇದನ್ನು ಓದಬಾರದು. ಎಲ್ಲಿ ಕೇಳಿದರು, ಆಸ್ಪತ್ರೆಯಲ್ಲೋ ಮನೆಯಲ್ಲೋ, ಯಾವ ಪ್ರಶ್ನಾವಳಿ ಹಿಡಿದು ಕೇಳಿದರು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 1987ರಲ್ಲಿ ಬಂದ ಎಡಿನ್‌ಬರೊ ಮಾಪಕ. ಹತ್ತು ಪ್ರಶ್ನೆ, ಒಟ್ಟು 30 ಅಂಕ. ಅದರ ಕನ್ನಡ ರೂಪವೂ ಇದೆ. ಅದು ಜರಡಿ ಮಾತ್ರ. ಕಾಯಿಲೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಇಷ್ಟೆಲ್ಲ ಎಚ್ಚರ ಇಟ್ಟುಕೊಂಡರೂ ಐವರು ಬಾಣಂತಿಯರಲ್ಲಿ ಒಬ್ಬಳು ಎಂಬ ಲೆಕ್ಕ ತಪ್ಪುವುದಿಲ್ಲ. ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಹುಟ್ಟುವ ಕರ್ನಾಟಕದಲ್ಲಿ ಅದು ಎರಡು ಲಕ್ಷ ತಾಯಂದಿರ ಮಾತು.

ಎಲ್ಲ ಅಳುವೂ ಖಿನ್ನತೆಯಲ್ಲ. ಹೆತ್ತ ಮೂರು ನಾಲ್ಕನೆಯ ದಿನ, ಎದೆಯಲ್ಲಿ ಹಾಲು ತುಂಬುವ ಹೊತ್ತಿಗೆ, ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಅದಕ್ಕೆ ಬೇಕಾದ್ದು ನಿದ್ದೆ, ಮತ್ತು "ಆಗುತ್ತೆ, ಬಿಡು" ಎನ್ನುವ ಒಬ್ಬರು. ಎರಡು ವಾರ ದಾಟಿಯೂ ಇಳಿಯದೆ ನಿಂತರೆ, ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸದಿದ್ದರೆ, 'ನಾನು ಇದಕ್ಕೆ ತಕ್ಕ ತಾಯಿಯಲ್ಲ' ಎಂಬ ಯೋಚನೆ ಬಿಡದಿದ್ದರೆ ಅದು ಖಿನ್ನತೆ. ನಮ್ಮ ಹೆಂಗಸರು 'ಖಿನ್ನತೆ' ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಎದೆ ಹಿಂಡಿದ ಹಾಗೆ, ಕೈಕಾಲು ಜೋಮು, ಯಾತಕ್ಕೂ ಮನಸ್ಸಿಲ್ಲ ಎನ್ನುತ್ತಾರೆ. ವೈದ್ಯರು ರಕ್ತಹೀನತೆಗೆ ಮಾತ್ರೆ ಬರೆದು ಕಳಿಸುತ್ತಾರೆ. ಅದೂ ಪೂರ್ತಿ ತಪ್ಪಲ್ಲ: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 47.8 ಹೆಂಗಸರಿಗೆ ರಕ್ತಹೀನತೆ ಇದೆ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು. ಎರಡನ್ನೂ ಪರೀಕ್ಷಿಸಲೇಬೇಕು. ಕಬ್ಬಿಣದ ಮಾತ್ರೆಯ ಚೀಟಿ ಬರೆದು ಮಾತು ಅಲ್ಲಿಗೇ ಮುಗಿಸುವುದು ತಪ್ಪು.

ಇನ್ನೊಂದು ಕಷ್ಟವಿದೆ. ಅದನ್ನು ತಾಯಂದಿರು ಯಾರಿಗೂ ಹೇಳುವುದಿಲ್ಲ. 'ನನ್ನ ಕೈಯಿಂದಲೇ ಮಗುವಿಗೆ ಏನಾದರೂ ಆಗಿಬಿಟ್ಟರೆ' ಎಂಬ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗುವುದು. ಯೋಚನೆಗೆ ತಾನೇ ಬೆಚ್ಚುವ, ಅದಕ್ಕಾಗಿ ಮಗುವಿಗೆ ಸ್ನಾನ ಮಾಡಿಸಲೂ ಹೆದರುವ ತಾಯಿಗೆ ಇರುವುದು ಆತಂಕದ ಕಾಯಿಲೆ. ಅಂಥವಳಿಂದ ಮಗುವಿಗೆ ಅಪಾಯವಾಗುವುದು ತೀರ ಅಪರೂಪ. ಹೇಳಿಕೊಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಅವಳು ಬಾಯಿ ಬಿಡುವುದಿಲ್ಲ; ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆಯೊಂದು ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ.

ಮೂರನೆಯದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಅದೂ ಥಟ್ಟನೆ ಶುರುವಾಗುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಮಾತು ಹಳಿ ತಪ್ಪುತ್ತದೆ, ಮಗು ತನ್ನದಲ್ಲ, ಯಾರೋ ಬದಲಿಸಿದ್ದಾರೆ ಎನ್ನಬಹುದು. ಕೆಲವರು ಉಣ್ಣದೆ ನುಡಿಯದೆ ಕೂತಲ್ಲೇ ಕೂತುಬಿಡುತ್ತಾರೆ. ತನಗೋ ಒಡಹುಟ್ಟಿದವರಿಗೋ ಹಿಂದೆ ಬೈಪೋಲಾರ್ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡಾಡುವ ನಾಲ್ಕು ದಿನದಲ್ಲಿ ತಾಯಿ ಮಗು ಇಬ್ಬರ ಜೀವಕ್ಕೂ ಸಂಚಕಾರ ಬರಬಹುದು. ತಾಯತ ಬೇಕಾದರೆ ಕಟ್ಟಿಸಲಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಟ್ಟಿಸಲಿ.

ಇಲ್ಲೇ ಒಂದು ಅಡ್ಡಮಾತು, ಆದರೆ ಸಣ್ಣದಲ್ಲ. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ನೀರನ್ನೇ ಅಳೆದು ಕೊಡುವ ರೂಢಿ ನಮ್ಮ ಹಲವು ಕಡೆ ಇದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಅದರ ಮೇಲೆ ಮೈಯಲ್ಲಿ ನೀರೂ ಇಲ್ಲವೆಂದರೆ ಮೆದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ಇಂಥ ಬಾಣಂತಿಯರನ್ನು ದಶಕಗಳಿಂದ ಕಂಡು ದಾಖಲಿಸಿದ್ದಾರೆ. ತಡೆಯಲಾರದ ತಲೆನೋವು, ಫಿಟ್ಸ್, ಜೊತೆಗೆ ವಿಚಿತ್ರ ನಡವಳಿಕೆ. ಮನೆಯವರಿಗೆ ಎರಡೂ ಸನ್ನಿಯ ಹಾಗೆಯೇ ಕಾಣುತ್ತವೆ. ಒಂದು ಮನಸ್ಸಿನದು, ಇನ್ನೊಂದು ರಕ್ತನಾಳದ್ದು. ಬೇರ್ಪಡಿಸಿ ಹೇಳಲು ಆಸ್ಪತ್ರೆ, ಸ್ಕ್ಯಾನ್ ಬೇಕು.

ಹಾಗಾದರೆ ಬಾಣಂತನ ಎಂಬ ನಮ್ಮ ಇಡೀ ವ್ಯವಸ್ಥೆಯನ್ನೇ ಕಿತ್ತೆಸೆಯಬೇಕೆ? ಇಲ್ಲ. ಹೆತ್ತವಳನ್ನು ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲಿ ಇರಿಸಿಕೊಂಡು, ಎಣ್ಣೆ ಹಚ್ಚಿ ಹಂಡೆನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಮೆಣಸಿನ ಸಾರು, ಬೆಳ್ಳುಳ್ಳಿ, ಉತ್ತರ ಕರ್ನಾಟಕವಾದರೆ ಅಂಟಿನ ಉಂಡೆ ತಿನ್ನಿಸಿ, ಮನೆಗೆಲಸದಿಂದ ದೂರ ಇಡುವ ಏರ್ಪಾಡು ಸಾಮಾನ್ಯದ್ದಲ್ಲ. ನಮ್ಮ ಸಂಪ್ರದಾಯದಲ್ಲಿ ದುಡಿಯುವ ಹೆಣ್ಣಿಗೆ 'ನೀನು ಸುಮ್ಮನೆ ಮಲಗು' ಎಂದು ಹೇಳಿದ ಕಾಲ ಇದೊಂದೇ ಇರಬೇಕು. ಆ ವಿಶ್ರಾಂತಿ, ಆ ಬಿಸಿನೀರು, ರಾತ್ರಿ ಮಗು ಎತ್ತಿಕೊಳ್ಳುವ ಅಮ್ಮನ ಕೈ ಮನಸ್ಸಿಗೂ ಔಷಧಿಯೇ.

ಆದರೆ ಅದೇ ವ್ಯವಸ್ಥೆಯ ಇನ್ನೊಂದು ಮುಖವನ್ನೂ ನೋಡಬೇಕು. ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ಪುಸ್ತಕ ಹಿಡಿದರೆ ಕಣ್ಣು ಹೋಗುತ್ತದೆ, ಮಾತಾಡಿದರೆ ವಾಯು, ಅತ್ತರೆ ಹಾಲು ಬತ್ತುತ್ತದೆ. ಅಳುವುದಕ್ಕೂ ಅಪ್ಪಣೆಯಿಲ್ಲ. ನೋಡಲು ಬಂದವರೆಲ್ಲ ಮಗುವನ್ನು ನೋಡುತ್ತಾರೆ, ಬಣ್ಣ ನೋಡುತ್ತಾರೆ, ತೂಕ ಕೇಳುತ್ತಾರೆ, "ಹಾಲು ಸಾಲ್ತಾ ಇದ್ಯೇನಮ್ಮಾ?" ಎಂದು ತಾಯಿಯ ಎದೆಯನ್ನೂ ವಿಚಾರಿಸುತ್ತಾರೆ. ತಾಯಿ ಹೇಗಿದ್ದಾಳೆಂದು ಕೇಳಿದರೂ ಉತ್ತರ ಕೊಡುವವರು ಪಕ್ಕದಲ್ಲಿ ಕೂತ ಹಿರಿಯರು. ಎದೆಹಾಲಿನ ಪ್ರಚಾರ ಬೇಕಾದ್ದೇ. ಆದರೆ ಹಾಲು ಸಾಲದ ತಾಯಿಯನ್ನು ಅಪರಾಧಿಯಾಗಿಸುವ ಅದರ ಭಾಷೆ ಬೇಡವಾಗಿತ್ತು. ಸಿಸೇರಿಯನ್ ಆದವರ ಪಾಡು ಇನ್ನೊಂದು: ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ. 31.5 ಹೆರಿಗೆಗಳು ಹೊಟ್ಟೆ ಕೊಯ್ದು ಆಗುತ್ತವೆ, ನಮ್ಮ ಬಾಣಂತನದ ಕ್ರಮಗಳೋ ಹೊಲಿಗೆ ಇಲ್ಲದ ಹೊಟ್ಟೆಗಾಗಿ ಮಾಡಿದವು. ಕೆಲವೆಡೆ ರೂಢಿ ಆರೈಕೆಯ ಸೋಗನ್ನೂ ಬಿಟ್ಟಿದೆ. ತುಮಕೂರು, ಚಿತ್ರದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿಗೆ ಕಳಿಸುತ್ತಿದ್ದರು. 2023ರಲ್ಲಿ ತುಮಕೂರಿನ ಹತ್ತಿರದ ಹಟ್ಟಿಯೊಂದರಲ್ಲಿ ಹಾಗೆ ಇಟ್ಟಿದ್ದ ಶಿಶು ತೀರಿಕೊಂಡ ಮೇಲೆ ಸುದ್ದಿಯಾಯಿತು.

ತವರಿನಿಂದ ಹೊರಡುವ ದಿನದ ಬಗ್ಗೆ ಅಧ್ಯಯನಗಳು ಹೆಚ್ಚು ಮಾತಾಡುವುದಿಲ್ಲ, ನನ್ನ ಮಟ್ಟಿಗೆ ಅದು ನಮ್ಮಲ್ಲಿ ಅತಿ ಸೂಕ್ಷ್ಮವಾದ ಘಳಿಗೆ. ಹೆಚ್ಚಿನ ಸಮೀಕ್ಷೆಗಳು ಆರೆಂಟು ವಾರಕ್ಕೆ ಪ್ರಶ್ನೆ ಕೇಳಿ ಮುಗಿಸುತ್ತವೆ. ನಮ್ಮ ಹೆಣ್ಣುಮಗಳು ಆಗ ಇನ್ನೂ ಅಮ್ಮನ ಮನೆಯಲ್ಲಿರುತ್ತಾಳೆ. ತಿಂಗಳು ತುಂಬಿ, ಮಡಿಲು ತುಂಬಿಸಿಕೊಂಡು, ತೊಟ್ಟಿಲ ಜೊತೆ ಗಂಡನ ಮನೆಗೆ ಬಂದ ಮರುದಿನದಿಂದ ಅಡುಗೆ, ಮಗು, ಅತ್ತೆಯ ಔಷಧಿ ಎಲ್ಲ ಅವಳ ಮೇಲೆ ಬೀಳುತ್ತವೆ. ಕೆಲಸಕ್ಕೆ ಹೋಗುವವಳಾದರೆ ರಜೆ ಮುಗಿಯುವುದೂ ಆಗಲೇ. ಗಂಡನ ಮನೆ ಎಲ್ಲರಿಗೂ ಸುರಕ್ಷಿತ ಜಾಗವೂ ಅಲ್ಲ: ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರು ಶೇ. 44.4. ದೇಶದಲ್ಲೇ ಅತಿ ಹೆಚ್ಚು. ಗೋವಾದ ಅಧ್ಯಯನವೂ ಗಂಡನ ಹೊಡೆತ ಮತ್ತು ಹೆಣ್ಣು ಮಗು ಇವೆರಡನ್ನೂ ಖಿನ್ನತೆಯ ಕಾರಣಗಳ ನಡುವೆಯೇ ಎಣಿಸಿತ್ತು. ಹೀಗಿರುವಾಗ ಈ ಕಾಯಿಲೆಯನ್ನು ಹಾರ್ಮೋನಿನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳುವುದು ಗಂಡಸರಿಗೆ ಬಹಳ ಅನುಕೂಲದ ವೈದ್ಯಶಾಸ್ತ್ರ. ಹಾರ್ಮೋನಿನ ಪಾತ್ರ ಇದೆ. ಆದರೆ ಬಡತನವನ್ನೂ ಬೈಗುಳವನ್ನೂ ಹಾರ್ಮೋನು ತರುವುದಿಲ್ಲ.

ಮಗು ಉಳಿಯದ ಬಾಣಂತಿಯ ಮಾತನ್ನು ಯಾವ ಪಟ್ಟಿಯೂ ಸರಿಯಾಗಿ ಹಿಡಿದಿಲ್ಲ. ಅವಳ ಎದೆಯಲ್ಲೂ ಹಾಲು ಬರುತ್ತದೆ. ಅವಳಿಗೂ ಹೊಲಿಗೆ ನೋಯುತ್ತದೆ. ನಾಮಕರಣ ಇಲ್ಲ, ನೋಡಲು ಬರುವವರಿಲ್ಲ, ಬಂದವರು "ಇನ್ನೊಂದಾಗುತ್ತೆ ಬಿಡು" ಎನ್ನುತ್ತಾರೆ. ಮಗು ತೂಗುವ ಕೆಲಸವಿಲ್ಲದ ಮನೆಗೆ ಆರೋಗ್ಯ ಕಾರ್ಯಕರ್ತೆ ಹೋಗುವ ನೆಪವೂ ಇರುವುದಿಲ್ಲ.

ನಮ್ಮಲ್ಲಿ ಆರೈಕೆಗೆ ಏನಿದೆ ಎಂದು ನೋಡಿದರೆ ಮೊದಲು ಬೆಂಗಳೂರಿನ ನಿಮ್ಹಾನ್ಸ್. 2009ರಲ್ಲಿ, ಮನೋವೈದ್ಯೆ ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ, ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ಅಲ್ಲಿ ಶುರುವಾಯಿತು. ದೇಶದಲ್ಲಿ ಅಂಥದು ಅದೇ ಮೊದಲು. ತಾಯಿಗೆ ಚಿಕಿತ್ಸೆ ನಡೆಯುವಾಗಲೇ ಮಗುವಿಗೆ ಹಾಲೂಡಿಸುವುದು, ಆಡಿಸುವುದು, ಮತ್ತೆ ಹತ್ತಿರವಾಗುವುದನ್ನು ದಾದಿಯರು ಜೊತೆಗಿದ್ದು ಕಲಿಸುತ್ತಾರೆ. ಈ ಕ್ರಮಕ್ಕೆ ಕಾನೂನಿನ ಬಲವೂ ಬಂತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಆದರೆ ನಿಮ್ಹಾನ್ಸ್‌ನ ಆ ವಿಭಾಗ ಐದು ಹಾಸಿಗೆಗಳದ್ದು. ಸಾವಿರಕ್ಕೆ ಒಂದೆರಡರ ಲೆಕ್ಕ ಹಿಡಿದರೆ ರಾಜ್ಯದಲ್ಲಿ ವರ್ಷಕ್ಕೆ ಸಾವಿರದಿಂದ ಎರಡು ಸಾವಿರ ತಾಯಂದಿರಿಗೆ ಬಾಣಂತಿ ಸನ್ನಿ. ಬೀದರಿನಿಂದಲೋ ರಾಯಚೂರಿನಿಂದಲೋ ಹಸಿಬಾಣಂತಿಯನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ತರಬೇಕೆಂದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಒಳ್ಳೆಯ ಯೋಚನೆ. ಆದರೆ ಆ ಸಾಲಿನಲ್ಲಿ ಕೂಸು ಎತ್ತಿಕೊಂಡು ನಿಲ್ಲುವುದು ಎಷ್ಟು ಬಾಣಂತಿಯರಿಗೆ ಸಾಧ್ಯ?

ಇನ್ನೊಂದು ದಾರಿ ಮನೆಬಾಗಿಲಿಗೇ ಇದೆ. ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಹೋಗಬೇಕು: 3, 7, 14, 21, 28, 42ನೆಯ ದಿನ. ರಾಜ್ಯದಲ್ಲಿ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುವುದರಿಂದ ಹೆಚ್ಚುಕಡಿಮೆ ಎಲ್ಲ ಬಾಣಂತಿಯರೂ ಈ ಲೆಕ್ಕದೊಳಗೆ ಬರುತ್ತಾರೆ. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಲಸಿಕೆಗೆಂದು ತಾಯಿಯೇ ಬರುತ್ತಾಳೆ. ಮೂರೂವರೆ ತಿಂಗಳೊಳಗೆ ಒಂಬತ್ತು ಸಲ ಸರ್ಕಾರದ ಕಣ್ಣಿಗೆ ಬೀಳುವ ಹೆಂಗಸು ಅವಳು. ಆಶಾ ತುಂಬುವ ನಮೂನೆಯಲ್ಲಿ ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ, ಫಿಟ್ಸ್ ಬಂದಿದೆಯೇ ಎಂಬ ಪ್ರಶ್ನೆ ಉಂಟು. ಅದರಲ್ಲಿ ಸನ್ನಿ ಸಿಕ್ಕಿಬಿದ್ದೀತು. ಸುಮ್ಮನೆ ಗೋಡೆ ನೋಡುತ್ತ ಮಲಗಿದವಳು ಸಿಕ್ಕುವುದಿಲ್ಲ. ಅವಳಿಗೆ ಎರಡು ಪ್ರಶ್ನೆ ಸಾಕು, ವೈದ್ಯಲೋಕದಲ್ಲಿ ಪರೀಕ್ಷೆಗೊಳಗಾದವೇ: ಈ ಒಂದು ತಿಂಗಳಲ್ಲಿ ಮನಸ್ಸಿಗೆ ತುಂಬ ಬೇಸರ, ಕೈಚೆಲ್ಲಿದ ಹಾಗೆ ಆಗಿದೆಯಾ? ಮುಂಚೆ ಇಷ್ಟವಾಗುತ್ತಿದ್ದ ಕೆಲಸದಲ್ಲಿ ಈಗ ಮನಸ್ಸಿಲ್ಲ ಅನ್ನಿಸುತ್ತಿದೆಯಾ?

ಕೇಳಿ ಏನು ಮಾಡುವುದು, ಮನೋವೈದ್ಯರೇ ಇಲ್ಲವಲ್ಲ ಎನ್ನಬಹುದು. ಇದಕ್ಕೆ ಉತ್ತರವು ಪಾಕಿಸ್ತಾನದಿಂದ ಬಂದಿದೆ. ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೋವೈದ್ಯ ಅತೀಫ್ ರೆಹಮಾನ್ ಅವರ ತಂಡ ನಮ್ಮ ಆಶಾರಂಥ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಗರ್ಭದ ಕೊನೆಯ ತಿಂಗಳಿಂದ ಮುಂದಕ್ಕೆ 16 ಸಲ ಮನೆಗೆ ಕಳಿಸಿತು. ಹೋಗಿ ಕೂತು ಮಾತಾಡುವುದು, ಹುಳಿಯಾದ ಯೋಚನೆಯನ್ನು ಬಿಡಿಸಿ ನೋಡುವುದು, ಮನೆಯವರನ್ನೂ ಸೇರಿಸಿಕೊಳ್ಳುವುದು. ಖಿನ್ನರಾಗಿದ್ದ 903 ಗರ್ಭಿಣಿಯರು ಪ್ರಯೋಗದಲ್ಲಿದ್ದರು. ಮಗುವಿಗೆ ಆರು ತಿಂಗಳಾದಾಗ ಈ ಭೇಟಿ ಸಿಕ್ಕವರಲ್ಲಿ ಶೇ. 23 ಮಾತ್ರ ಖಿನ್ನರಾಗಿ ಉಳಿದಿದ್ದರು, ಬರೀ ಸಾಮಾನ್ಯ ಭೇಟಿ ಪಡೆದವರಲ್ಲಿ ಶೇ. 53. 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ಇದು. ಗೋವಾದಲ್ಲಿ ಅದೇ ಕ್ರಮವನ್ನು ನೆರೆಹೊರೆಯ ತಾಯಂದಿರ ಮೂಲಕ ಮಾಡಿ ನೋಡಿದಾಗ ಫಲ ಇಷ್ಟು ದೊಡ್ಡದಾಗಿರಲಿಲ್ಲ, ಆದರೂ ಇತ್ತು. ಕೆಲಸ ನಡೆಯುವಂಥದು ಎಂಬುದರಲ್ಲಿ ಅನುಮಾನವಿಲ್ಲ. ಅನುಮಾನ ಇರುವುದು ನಮ್ಮ ಪ್ರಾಮಾಣಿಕತೆಯಲ್ಲಿ. 2025ರ ಜನವರಿಯಲ್ಲಿ ಇದೇ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅವರ ಚೀಲಕ್ಕೆ ಇನ್ನೊಂದು ನಮೂನೆ ತುರುಕಿ ದುಡ್ಡು ಕೊಡದಿದ್ದರೆ ಎರಡು ಪ್ರಶ್ನೆಗೂ 'ಇಲ್ಲ' ಎಂದು ಗೀಟು ಹಾಕಿ ಬರುತ್ತಾರೆ. ತಪ್ಪು ಅವರದಾಗಿರುವುದಿಲ್ಲ.

ಔಷಧಿಯ ಹೆದರಿಕೆಯನ್ನೂ ಇಲ್ಲಿ ಬಿಡಿಸಬೇಕು. "ಮಾತ್ರೆ ತಗೊಂಡ್ರೆ ಹಾಲು ಕೆಡುತ್ತೆ" ಎಂದು ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಖಿನ್ನತೆಗೆ ಕೊಡುವ ಸೆರ್ಟ್ರಾಲಿನ್‌ನಂಥ ಕೆಲವು ಔಷಧಿಗಳು ಹಾಲಿನಲ್ಲಿ ಸೇರುವುದು ತೀರ ಕಡಿಮೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ವಾಲ್‌ಪ್ರೋಯೇಟ್‌ನಂಥ ಕೆಲವನ್ನು ಹೆರುವ ವಯಸ್ಸಿನವರಿಗೆ ಕೊಡದಿರುವುದೇ ಲೇಸು. ಯಾವುದು ಎಷ್ಟು ಎಂದು ವೈದ್ಯರು ಹೇಳಲಿ. ಹಿಂದಿನಿಂದ ಔಷಧಿ ತಿನ್ನುತ್ತಿದ್ದವರು ಗರ್ಭ ನಿಂತಿತೆಂದು ತಾವಾಗಿ ಬಿಡುವುದು ಮಾತ್ರ ಅಪಾಯ. ಅಮೆರಿಕದಲ್ಲಿ 2023ರಲ್ಲಿ ಈ ಖಿನ್ನತೆಗೆಂದೇ ಝುರಾನೊಲೋನ್ ಎಂಬ ಹದಿನಾಲ್ಕು ದಿನದ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಸುದ್ದಿ ದೊಡ್ಡದೇ, ಆದರೆ ಹೊಸ ಮಾತ್ರೆಗಿಂತ ಮೊದಲು ನಮಗೆ ಬೇಕಾದ್ದು ಕೇಳುವ ಜನ.

ಅದೇ ಅಮೆರಿಕದಲ್ಲಿ ಕನ್ನಡದ ಅಮ್ಮಂದಿರು ವಿಸಿಟರ್ ವೀಸಾದಲ್ಲಿ ಹೋಗಿ ಮಗಳ ಬಾಣಂತನ ಮಾಡಿ ಬರುತ್ತಾರೆ. ಅವರು ವಾಪಸು ವಿಮಾನ ಹತ್ತಿದ ದಿನ ಅಲ್ಲಿನ ಮಗಳಿಗೂ ತವರು ಮುಗಿಯುತ್ತದೆ. ಇನ್ನು ಗಂಡಂದಿರ ಮಾತು: ಹತ್ತರಲ್ಲಿ ಒಬ್ಬ ತಂದೆಗೂ ಈ ಅವಧಿಯಲ್ಲಿ ಖಿನ್ನತೆ ಬರುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಸಿಗುವ ರಜೆಯ ಮಾತು: 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಅದೂ ಸಂಘಟಿತ ವಲಯದವರಿಗೆ. ಕೂಲಿಗೆ ಹೋಗುವವರಿಗೆ, ಮನೆಗೆಲಸದವರಿಗೆ ರಜೆ ಎಂಬುದೇ ಇಲ್ಲ.

ಕೊನೆಗೆ ಸಾವಿನ ಲೆಕ್ಕ. 2018-20ರ ಅಂಕಿಯಂತೆ ಕರ್ನಾಟಕದ ತಾಯಿ ಮರಣ ಪ್ರಮಾಣ ಲಕ್ಷ ಜೀವಂತ ಜನನಗಳಿಗೆ 69. ದಕ್ಷಿಣದ ರಾಜ್ಯಗಳಲ್ಲೇ ಹೆಚ್ಚು. 2024ರ ಕೊನೆಯಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ವಿಧಾನಸಭೆಯವರೆಗೂ ಮಾತು ಹೋಯಿತು, ಹೋಗಬೇಕಾದ್ದೇ. ಗರ್ಭಿಣಿಯ, ಬಾಣಂತಿಯ ಆತ್ಮಹತ್ಯೆಯೂ ನೇರವಾದ ತಾಯಿ ಮರಣವೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಕೇರಳದಲ್ಲಿ ಪ್ರಸೂತಿ ತಜ್ಞರು 2004ರಿಂದ ತಾಯಂದಿರ ಸಾವುಗಳನ್ನು ಗೋಪ್ಯವಾಗಿ ಪರಿಶೀಲಿಸುತ್ತ ಬಂದಿದ್ದಾರೆ. ರಕ್ತಸ್ರಾವದಂಥ ಹಳೆಯ ಕಾರಣಗಳು ತಗ್ಗಿದಂತೆ ಆತ್ಮಹತ್ಯೆ ಅಲ್ಲಿ ಎದ್ದು ಕಾಣತೊಡಗಿತು. ಇಲ್ಲಿ ಅಂಥ ಸಾವು 'ಹೊಟ್ಟೆನೋವು ತಾಳಲಾರದೆ' ಎಂದು ಪೊಲೀಸ್ ಠಾಣೆಯ ಕಡತ ಸೇರುತ್ತದೆ, ಆರೋಗ್ಯ ಇಲಾಖೆಯ ಪಟ್ಟಿಗೆ ಬರುವುದಿಲ್ಲ. ರಾಜ್ಯ ಮಾಡಬೇಕಾದ್ದು ಬಹಳವಿಲ್ಲ. ಆ ಸಾವುಗಳನ್ನು ಎಣಿಸಲಿ. ಆಶಾ ಭೇಟಿಯಲ್ಲಿ ಎರಡು ಪ್ರಶ್ನೆ ಸೇರಿಸಿ ಅದಕ್ಕೆ ದುಡ್ಡು ಕೊಡಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ, ಮೈಸೂರು, ಕಲಬುರಗಿಯ ವೈದ್ಯಕೀಯ ಕಾಲೇಜುಗಳಲ್ಲಿ ತಾಯಿ ಮಗುವಿಗೆ ನಾಲ್ಕು ನಾಲ್ಕು ಹಾಸಿಗೆ ಇಡಲಿ.

ಅಲ್ಲಿಯವರೆಗೆ ಓದುಗರ ಕೈಯಲ್ಲಿರುವುದು ಒಂದು ಫೋನ್ ನಂಬರು: 14416. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ, ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವವಳು ಬಾಣಂತಿಯೇ ಆಗಬೇಕೆಂದಿಲ್ಲ. ಗಂಡ, ಅಮ್ಮ, ಅತ್ತೆ, ಪಕ್ಕದ ಮನೆಯ ಅಕ್ಕ, ಯಾರು ಬೇಕಾದರೂ ಮಾಡಬಹುದು.